ಹೊಸ ಅಡುಗೆಮನೆಯಲ್ಲಿ ನಳ್ಳಿ ಸೋರಿದರೆ ಯಾರನ್ನು ಕೇಳಬೇಕು?

ಪ್ರಶ್ನೆ: ಉಡುಪಿ ಅಂಬಲಪಾಡಿಯಲ್ಲಿ ನಮ್ಮ ಹೊಸ ಮನೆ. ಫೆಬ್ರವರಿಯಲ್ಲಿ ಮನೆ ಒಕ್ಕಲು ಆಯಿತು. ಅಡುಗೆಮನೆಯ ಪೂರ್ತಿ ಕೆಲಸವನ್ನು ಒಬ್ಬರು ಇಂಟೀರಿಯರ್ ಕಾಂಟ್ರಾಕ್ಟರಿಗೆ 3.8 ಲಕ್ಷಕ್ಕೆ ಒಟ್ಟಾಗಿ ಕೊಟ್ಟಿದ್ದೆವು. ಸಿಂಕ್, ನಳ್ಳಿ ಎಲ್ಲ ಅವರೇ ತಂದು ಹಾಕಿದ್ದು. ಎರಡು ತಿಂಗಳಲ್ಲೇ ಸಿಂಕಿನ ಮಿಕ್ಸರ್ ನಳ್ಳಿ ತೊಟ್ಟಿಕ್ಕಲು ಶುರುವಾಯಿತು. ಈಗ ಕೆಳಗಿನ ಕಪಾಟಿನಲ್ಲಿ ನೀರು ನಿಲ್ಲುತ್ತದೆ, ಅಡಿಯ ಹಲಗೆ ಉಬ್ಬಿದೆ. ಕಾಂಟ್ರಾಕ್ಟರ್ ಕೇಳಿದರೆ "ಅದು ನಳ್ಳಿ ಕಂಪನಿಯ ತಪ್ಪು, ಅವರಿಗೇ ಫೋನ್ ಮಾಡಿ" ಅನ್ನುತ್ತಾರೆ. ಕಂಪನಿಯ ಟೆಕ್ನಿಶಿಯನ್ ಬಂದು ನೋಡಿ "ಫಿಟ್ಟಿಂಗ್ ಸರಿ ಇಲ್ಲ, ವಾರಂಟಿ ಸಿಗುವುದಿಲ್ಲ" ಎಂದು ಚೀಟಿ ಬರೆದು ಕೊಟ್ಟು ಹೋದರು. ಒಂದು ಕಪಾಟಿನ ಬಾಗಿಲೂ ಸರಿಯಾಗಿ ಮುಚ್ಚುವುದಿಲ್ಲ. ಕಾಂಟ್ರಾಕ್ಟರಿಗೆ ಇನ್ನೂ 30 ಸಾವಿರ ಕೊಡಲು ಬಾಕಿ ಇದೆ. ಅದನ್ನು ತಡೆಹಿಡಿಯಬಹುದೇ? ಅಥವಾ ನಮ್ಮದೇ ಪ್ಲಂಬರ್ ಕರೆಸಿ ಸರಿ ಮಾಡಿಸಿಕೊಂಡು ಸುಮ್ಮನಾಗುವುದು ಒಳ್ಳೆಯದೇ?

ಉತ್ತರ: ಮೊದಲು ಇವತ್ತೇ ಮಾಡಬೇಕಾದ ಕೆಲಸ ಹೇಳುತ್ತೇನೆ, ವಾದ ಆಮೇಲೆ. ಸಿಂಕಿನ ಕೆಳಗೆ ಗೋಡೆಯಲ್ಲಿ ಎರಡು ಆಂಗಲ್ ಕಾಕ್ (ನೀರು ಬಂದ್ ಮಾಡುವ ಸಣ್ಣ ತಿರುಗಣೆ) ಇರುತ್ತವೆ, ಒಂದು ತಣ್ಣೀರಿಗೆ, ಇನ್ನೊಂದು ಬಿಸಿನೀರಿಗೆ. ಎರಡನ್ನೂ ಬಂದ್ ಮಾಡಿ. ಅಡುಗೆ ಮಾಡುವಾಗ, ಪಾತ್ರೆ ತೊಳೆಯುವಾಗ ಮಾತ್ರ ತೆರೆಯಿರಿ, ರಾತ್ರಿ ಮುಚ್ಚಿಯೇ ಮಲಗಿ. ಕಪಾಟಿನೊಳಗಿನ ಸಾಮಾನೆಲ್ಲ ಹೊರಗೆ ತೆಗೆದು ಬಾಗಿಲು ತೆರೆದಿಡಿ, ಟೇಬಲ್ ಫ್ಯಾನ್ ಇದ್ದರೆ ಅದರ ಗಾಳಿ ಒಳಗೆ ಹೋಗಲಿ. ನಂತರ ಫೋಟೋ ಮತ್ತು ವೀಡಿಯೋ. ತೊಟ್ಟಿಕ್ಕುವ ನಳ್ಳಿ, ಕೆಳಗಿನ ಪೈಪುಗಳು, ಉಬ್ಬಿದ ಹಲಗೆ, ನೀರು ನಿಂತ ಜಾಗ, ಎಲ್ಲವನ್ನೂ ತೆಗೆದಿಟ್ಟುಕೊಳ್ಳಿ. ಇಷ್ಟು ಆಗುವ ತನಕ ಆ ನಳ್ಳಿಗೆ ಯಾರೂ ಸ್ಪ್ಯಾನರ್ ಹಾಕಬಾರದು. ಪರಿಚಯದ ಪ್ಲಂಬರ್ ಆದರೂ ಬೇಡ. ಒಮ್ಮೆ ಬಿಚ್ಚಿದ ಮೇಲೆ "ಯಾರೋ ಕೈ ಹಾಕಿ ಹಾಳು ಮಾಡಿದ್ದಾರೆ" ಅನ್ನುವುದು ಎಲ್ಲರಿಗೂ ಸುಲಭ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಉತ್ತರ ಕೊಡಬೇಕಾದವರು ಕಾಂಟ್ರಾಕ್ಟರ್, ಇದರಲ್ಲಿ ನನಗೆ ಅನುಮಾನ ಇಲ್ಲ. ನಳ್ಳಿ ಅವರೇ ತಂದರು, ಅವರ ಜನವೇ ಹಾಕಿದರು, ದುಡ್ಡು ಅವರೇ ತೆಗೆದುಕೊಂಡರು. ನಳ್ಳಿಯಲ್ಲಿ ದೋಷ ಇದ್ದರೆ ದೋಷ ಇರುವ ಸಾಮಾನು ತಂದವರು ಅವರು. ಹಾಕಿದ್ದು ಸರಿ ಇಲ್ಲದಿದ್ದರೆ ಸರಿ ಹಾಕದವರೂ ಅವರೇ. ಎರಡರಲ್ಲಿ ಯಾವುದು ನಿಜವಾದರೂ ನಿಮ್ಮ ಮಟ್ಟಿಗೆ ವ್ಯತ್ಯಾಸ ಇಲ್ಲ. ಕಂಪನಿಯ ಹತ್ತಿರ ವಾರಂಟಿ ಕೇಳುವುದು, ಅಂಗಡಿಗೆ ವಾಪಸ್ ಕೊಡುವುದು ಅವರ ವ್ಯವಹಾರ, ಅದಕ್ಕೆ ನೀವು ಓಡಾಡಬೇಕಾಗಿಲ್ಲ.

ನಳ್ಳಿಯನ್ನು ನೀವೇ ಅಂಗಡಿಯಿಂದ ತಂದು "ಇದನ್ನು ಹಾಕಿ ಕೊಡಿ" ಎಂದು ಕೊಟ್ಟಿದ್ದರೆ ಲೆಕ್ಕ ಬೇರೆ. ಆಗ ಸಾಮಾನಿನ ದೋಷಕ್ಕೆ ಅಂಗಡಿ ಮತ್ತು ಕಂಪನಿ, ಕೆಲಸದ ದೋಷಕ್ಕೆ ಹಾಕಿದವರು. ಎಷ್ಟೋ ಜನ ನಾಲ್ಕು ಕಾಸು ಉಳಿಯುತ್ತದೆ ಎಂದು ನಳ್ಳಿ ಒಂದು ಕಡೆ, ಸಿಂಕ್ ಇನ್ನೊಂದು ಕಡೆ, ಪ್ಲಂಬರ್ ಮತ್ತೊಂದು ಕಡೆ ಮಾಡಿಕೊಂಡು ಆಮೇಲೆ ಒದ್ದಾಡುತ್ತಾರೆ. ನೀವು ಒಟ್ಟಾಗಿ ಕೊಟ್ಟದ್ದು ಒಳ್ಳೆಯದೇ ಆಯಿತು.

ಟೆಕ್ನಿಶಿಯನ್ ಬರೆದು ಕೊಟ್ಟ ಚೀಟಿಯನ್ನು ಬೇಸರದಲ್ಲಿ ಎಲ್ಲೋ ಎಸೆಯಬೇಡಿ. ಅದು ನಿಮಗೆ ಬೇಕಾದ ಸಾಕ್ಷಿ. ತಯಾರಿಸಿದ ಕಂಪನಿಯ ಕಡೆಯವರೇ ಬಂದು ನೋಡಿ "ಹಾಕಿದ್ದು ಸರಿ ಇಲ್ಲ" ಎಂದು ಬರೆದಿದ್ದಾರೆ, ಅಂದರೆ ಬೆರಳು ಕಾಂಟ್ರಾಕ್ಟರ್ ಕಡೆಗೇ ತಿರುಗಿತು ಅಲ್ವಾ? ಅದರಲ್ಲಿ ದಿನಾಂಕ, ದೂರಿನ ನಂಬರ್, ಯಾವ ಭಾಗದಲ್ಲಿ ಏನು ಸರಿ ಇಲ್ಲ ಎಂದು ಇದೆಯೇ ನೋಡಿ. ಬರೀ "ಫಿಟ್ಟಿಂಗ್ ಸರಿ ಇಲ್ಲ" ಅಂತ ಒಂದೇ ಸಾಲು ಇದ್ದರೆ ಕಂಪನಿಯ ಗ್ರಾಹಕ ಸೇವೆಗೆ ಮೇಲ್ ಮಾಡಿ, ನಿಖರವಾಗಿ ಏನು ತಪ್ಪಾಗಿದೆ ಎಂದು ಬರೆದು ಕಳಿಸಲು ಕೇಳಿ. ಕಾಂಟ್ರಾಕ್ಟರ್ "ಕಂಪನಿಯ ದೋಷ" ಅನ್ನುತ್ತಾರಲ್ಲ, ಅವರನ್ನೂ ಅದನ್ನೇ ವಾಟ್ಸಾಪ್‌ನಲ್ಲಿ ಬರೆಯಲು ಹೇಳಿ. ಬಾಯಲ್ಲಿ ಹೇಳುವಷ್ಟು ಧೈರ್ಯವಾಗಿ ಯಾರೂ ಬರೆಯುವುದಿಲ್ಲ.

ಈಗ ನೀರು ನಿಜವಾಗಿ ಎಲ್ಲಿಂದ ಬರುತ್ತಿದೆ ಎಂದು ನೋಡುವ. ಇದನ್ನು ನೀವೇ ಮಾಡಬಹುದು, ಏನನ್ನೂ ಬಿಚ್ಚಬೇಕಾಗಿಲ್ಲ. ನಿಮ್ಮ ಪತ್ರ ಓದಿದರೆ ನಳ್ಳಿಯ ಬಾಯಿಂದ ತೊಟ್ಟಿಕ್ಕುವುದು ಒಂದು, ಕಪಾಟಿನಲ್ಲಿ ನೀರು ನಿಲ್ಲುವುದು ಇನ್ನೊಂದು, ಎರಡು ಬೇರೆ ಬೇರೆ ತೊಂದರೆ ಅಂತ ನನಗೆ ಅನಿಸುತ್ತದೆ. ನಳ್ಳಿಯ ಬಾಯಿಂದ ಬಿದ್ದ ಹನಿ ಸಿಂಕಿಗೇ ಹೋಗುತ್ತದೆ, ಕಪಾಟಿಗೆ ಹೋಗುವುದಿಲ್ಲ. ಹಾಗಾಗಿ ನಳ್ಳಿ ಮಾತ್ರ ಬದಲಾಯಿಸಿ "ಆಯಿತು" ಎಂದು ಹೋದರೆ ಹಲಗೆ ಮತ್ತೆ ನೆನೆಯುವುದೇ.

ಹೀಗೆ ಮಾಡಿ. ಎರಡೂ ಆಂಗಲ್ ಕಾಕ್ ಬಂದ್ ಮಾಡಿ ಕಪಾಟಿನ ಒಳಗಿನ ಪೈಪು, ಜಾಯಿಂಟು, ಹಲಗೆ ಎಲ್ಲವನ್ನೂ ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಅಡಿಗೆ ಪೂರ್ತಿ ಹಳೇ ಪೇಪರ್ ಹಾಸಿ. ಪೇಪರಿನಲ್ಲಿ ಒಂದು ಹನಿ ಬಿದ್ದರೂ ಕಲೆ ಕಾಣುತ್ತದೆ. ಒಂದು ಗಂಟೆ ಹಾಗೆಯೇ ಬಿಟ್ಟು ನೋಡಿ. ಎಲ್ಲ ಬಂದ್ ಇದ್ದಾಗಲೂ ಒದ್ದೆಯಾದರೆ ಆಂಗಲ್ ಕಾಕ್ ಗೋಡೆಗೆ ಸೇರುವ ಜಾಗದಲ್ಲೇ ಸೋರಿಕೆ ಇದೆ. ಒಣಗಿಯೇ ಇದ್ದರೆ ಆಂಗಲ್ ಕಾಕ್ ತೆರೆಯಿರಿ, ನಳ್ಳಿ ತಿರುಗಿಸಬೇಡಿ, ಇನ್ನೂ ಒಂದು ಗಂಟೆ ಬಿಡಿ. ಈಗ ಪೇಪರ್ ಒದ್ದೆಯಾದರೆ ಆಂಗಲ್ ಕಾಕಿನಿಂದ ನಳ್ಳಿಗೆ ಹೋಗುವ ಕನೆಕ್ಷನ್ ಪೈಪಿನಲ್ಲಿ ತೊಂದರೆ, ಹೆಚ್ಚಾಗಿ ಅದರ ನಟ್ಟಿನ ಒಳಗಿನ ರಬ್ಬರ್ ವಾಷರ್. ಈಗಲೂ ಒಣಗಿದ್ದರೆ ನಳ್ಳಿ ತೆರೆದು ನೀರು ನೇರವಾಗಿ ಒಂದು ಪಾತ್ರೆಗೆ ಹಿಡಿಯಿರಿ, ಸಿಂಕಿಗೆ ಬೀಳದಂತೆ. ಆಗ ಮಾತ್ರ ಕೆಳಗೆ ಒದ್ದೆಯಾದರೆ ನಳ್ಳಿಯ ದೇಹದಲ್ಲೇ ಸೋರಿಕೆ. ಅದೂ ಇಲ್ಲವೆಂದರೆ ಸಿಂಕಿನ ತೂತು ಮುಚ್ಚಿ, ಮುಕ್ಕಾಲು ಭಾಗ ನೀರು ತುಂಬಿಸಿ, ಸ್ವಲ್ಪ ಹೊತ್ತು ಬಿಟ್ಟು ಒಮ್ಮೆಲೇ ಬಿಡಿ. ತುಂಬಿ ನಿಂತಾಗಲೇ ಹನಿದರೆ ಸಿಂಕಿನ ಅಡಿಯ ವೇಸ್ಟ್ ಕಪ್ಲಿಂಗ್ (ತೂತಿಗೆ ಕೂರಿಸಿದ ಭಾಗ), ಬಿಟ್ಟಾಗ ಹನಿದರೆ ಅದರ ಕೆಳಗಿನ ಬಾಟಲಿಯಂಥ ಬಾಟಲ್ ಟ್ರ್ಯಾಪ್ ಅಥವಾ ವೇಸ್ಟ್ ಪೈಪು. ಕೊನೆಗೆ ಸಿಂಕಿನ ಅಂಚಿನ ಸುತ್ತ, ನಳ್ಳಿಯ ಬುಡದ ಸುತ್ತ ಗ್ರಾನೈಟ್ ಮೇಲೆ ಒಂದು ಲೋಟ ನೀರು ಹೊಯ್ದು ನೋಡಿ, ಅಲ್ಲಿ ಸಂದು ಮುಚ್ಚಲು ಹಾಕಿದ ಸಿಲಿಕಾನ್ ಅಂಟು ಬಿಟ್ಟಿದ್ದರೆ ನೀರು ಕೆಳಗೆ ಇಳಿಯುತ್ತದೆ.

ಪ್ರತಿ ಹಂತದಲ್ಲೂ ವೀಡಿಯೋ ಮಾಡಿಕೊಳ್ಳಿ. ನೋಡುವಾಗ ಒಂದು ಎಚ್ಚರ ಬೇಕು, ಪೇಪರ್ ಒದ್ದೆಯಾದ ಜಾಗದ ನೇರ ಮೇಲೆಯೇ ಸೋರಿಕೆ ಇರಬೇಕೆಂದಿಲ್ಲ. ನೀರು ಪೈಪನ್ನು ಹಿಡಿದುಕೊಂಡೇ ಇಳಿದು ಅದು ಬಾಗಿದ ಜಾಗದಲ್ಲಿ ಹನಿಯುತ್ತದೆ. ಹನಿ ಕಂಡಲ್ಲಿಂದ ಮೇಲಕ್ಕೆ ಟಿಶ್ಯೂ ಪೇಪರ್ ಒತ್ತುತ್ತಾ ಹೋಗಿ, ಒದ್ದೆ ಎಲ್ಲಿ ಮುಗಿಯುತ್ತದೋ ಅಲ್ಲಿ ಸೋರಿಕೆ.

ಇನ್ನು ನಳ್ಳಿಯ ಬಾಯಿಂದ ತೊಟ್ಟಿಕ್ಕುವ ವಿಷಯ. ಈಗಿನ ಮಿಕ್ಸರ್ ನಳ್ಳಿಗಳ ಒಳಗೆ ಕಾರ್ಟ್ರಿಜ್ ಅಂತ ಒಂದು ಭಾಗ ಇರುತ್ತದೆ. ಒಂದೇ ಹಿಡಿ ಇರುವ ನಳ್ಳಿಗಳಲ್ಲಿ ಅದು ಸಾಧಾರಣವಾಗಿ 35 ಅಥವಾ 40 ಮಿಲಿಮೀಟರ್ ಅಳತೆಯದ್ದು. ಅದರೊಳಗೆ ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತಾ ನೀರನ್ನು ತೆರೆಯುತ್ತವೆ, ಮುಚ್ಚುತ್ತವೆ. ಬಿಲ್ಲೆಗಳ ಮೈ ಎಷ್ಟು ನಯ ಅಂದರೆ ನೀರು ಹೋಗುವಷ್ಟೂ ಸಂದು ಇರುವುದಿಲ್ಲ. ಅಲ್ಲಿಗೆ ಒಂದು ಮರಳಿನ ಕಣ ಹೋದರೆ ಸಾಕು, ಗೀರು ಬಿದ್ದು ನಳ್ಳಿ ತೊಟ್ಟಿಕ್ಕಲು ಶುರು. ಹಳೇ ನಳ್ಳಿಯಲ್ಲಿ ಸವೆದ ವಾಷರ್ ಬದಲಾಯಿಸಿದ ಹಾಗೆ ಇದರಲ್ಲಿ ಆಗುವುದಿಲ್ಲ, ಕಾರ್ಟ್ರಿಜ್ಜನ್ನೇ ಬದಲಾಯಿಸಬೇಕು.

ಹೊಸ ಮನೆಯ ಪೈಪಿನಲ್ಲಿ ಮರಳು ಎಲ್ಲಿಂದ ಬರುತ್ತದೆ ಅಂದರೆ, ಕಟ್ಟುವಾಗ ಪೈಪಿನ ಬಾಯಿ ತಿಂಗಳುಗಟ್ಟಲೆ ತೆರೆದಿರುತ್ತದೆ. ಸಿಮೆಂಟ್ ಹುಡಿ, ಪೈಪ್ ಕೊಯ್ದ ಚೂರು, ಟೆಫ್ಲಾನ್ ಟೇಪಿನ ಎಳೆ, ಟ್ಯಾಂಕಿಯ ಅಡಿಯ ಕೆಸರು, ಎಲ್ಲ ಒಳಗೆ ಸೇರಿಕೊಂಡಿರುತ್ತದೆ. ಬಲ್ಲ ಪ್ಲಂಬರ್ ನಳ್ಳಿ ಹಾಕುವ ಮೊದಲು ಆಂಗಲ್ ಕಾಕಿಗೆ ಒಂದು ತುಂಡು ಪೈಪು ಹಾಕಿ ನೀರು ಜೋರಾಗಿ ಬಕೆಟಿಗೆ ಬಿಡುತ್ತಾನೆ, ತಿಳಿ ನೀರು ಬರುವ ತನಕ. ಐದು ನಿಮಿಷದ ಕೆಲಸ. ಮನೆ ಒಕ್ಕಲಿನ ದಿನ ಹತ್ತಿರ ಬಂದು ಎಲ್ಲರಿಗೂ ಅವಸರ ಇರುವಾಗ ಬಿಟ್ಟುಹೋಗುವುದೂ ಇದೇ ಕೆಲಸ. ಹೊಸ ಮನೆಗಳಲ್ಲಿ ತೊಟ್ಟಿಕ್ಕುವ ನಳ್ಳಿ ಬಿಚ್ಚಿದಾಗ ನನಗೆ ಹೆಚ್ಚಾಗಿ ಸಿಗುವುದು ಈ ಹುಡಿಯೇ, ಕಂಪನಿಯ ದೋಷ ಅಪರೂಪ.

ನಿಮ್ಮ ನಳ್ಳಿಯಲ್ಲೂ ಹೀಗೇ ಆಗಿದೆಯೇ ಎಂದು ತಿಳಿಯಲು ಕಾರ್ಟ್ರಿಜ್ ತೆಗೆಯಬೇಕಾಗಿಲ್ಲ. ನಳ್ಳಿಯ ಬಾಯಲ್ಲಿ ಜಾಲರಿಯ ಸಣ್ಣ ಮುಚ್ಚಳ ಇರುತ್ತದೆ, ಏರೇಟರ್ ಅಂತಾರೆ. ಮುಂದಿನ ಸಲ ಟೆಕ್ನಿಶಿಯನ್ ಅಥವಾ ಕಾಂಟ್ರಾಕ್ಟರ್ ಕಡೆಯವರು ಬಂದಾಗ ಅವರ ಕೈಯಿಂದಲೇ ಅದನ್ನು ಬಿಚ್ಚಿಸಿ, ಬಿಳಿ ಕಾಗದದ ಮೇಲೆ ತಟ್ಟಿಸಿ. ಮರಳು, ಪೈಪಿನ ಚೂರು, ಟೆಫ್ಲಾನ್ ಎಳೆ ಬಿದ್ದರೆ ಅಲ್ಲೇ ಫೋಟೋ ತೆಗೆಯಿರಿ. ಬಿದ್ದ ಹುಡಿಯನ್ನು ಒಂದು ಸಣ್ಣ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿಡಿ. ಲೈನು ತೊಳೆಯದೆ ನಳ್ಳಿ ಹಾಕಿದ್ದಾರೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಡ.

ನೀರು ಸಪೂರ ಬರುತ್ತದೆ ಎಂದು ಜಗಳ ಮಾಡುವವರೂ ಇದ್ದಾರೆ. ನೀವು ಹಾಗೆ ಬರೆದಿಲ್ಲ, ಆದರೂ ಹೇಳಿಬಿಡುತ್ತೇನೆ. ಟ್ಯಾಂಕಿಯ ನೀರಿನ ಮಟ್ಟ ನಳ್ಳಿಗಿಂತ ಒಂದು ಮೀಟರ್ ಮೇಲಿದ್ದರೆ ಸಿಗುವ ಒತ್ತಡ ಸುಮಾರು 0.1 ಬಾರ್. ಒಂದಂತಸ್ತಿನ ಮನೆಯ ತಾರಸಿ ಟ್ಯಾಂಕಿಯಿಂದ ಅಡುಗೆಮನೆಗೆ 0.3 ಬಾರ್ ಆಸುಪಾಸು ಸಿಗಬಹುದು. ಕೆಲವು ದುಬಾರಿ ಮಿಕ್ಸರ್‌ಗಳಿಗೆ 1 ಬಾರ್ ಒತ್ತಡವಾದರೂ ಬೇಕು. ಅದು ನಳ್ಳಿಯ ದೋಷ ಅಲ್ಲ, ಮನೆಗೆ ಹೊಂದದ ನಳ್ಳಿಯನ್ನು ಆರಿಸಿದ ದೋಷ. ಆರಿಸಿದವರು ಯಾರು ಎನ್ನುವುದರ ಮೇಲೆ ಜವಾಬ್ದಾರಿ.

ದುಡ್ಡಿನ ಲೆಕ್ಕದಲ್ಲಿ ನಳ್ಳಿಗಿಂತ ದೊಡ್ಡ ವಿಷಯ ಆ ಉಬ್ಬಿದ ಹಲಗೆ. ಹೆಚ್ಚಿನವರು ನಳ್ಳಿ ಸರಿಯಾದ ಕೂಡಲೇ ಹಲಗೆಯನ್ನು ಮರೆತುಬಿಡುತ್ತಾರೆ, ಕಾಂಟ್ರಾಕ್ಟರಿಗೂ ಅದೇ ಬೇಕು. ನಿಮ್ಮ ಕೊಟೇಶನ್ ತೆಗೆದು ನೋಡಿ, ಕಪಾಟಿಗೆ ಯಾವ ಹಲಗೆ ಎಂದು ಬರೆದಿದ್ದಾರೆ? ಬಿಡಬ್ಲ್ಯುಪಿ, ಮರೀನ್ ಪ್ಲೈ ಅಥವಾ ಐಎಸ್ 710 (ಐಎಸ್ ಅಂದರೆ ಭಾರತೀಯ ಮಾನದಂಡ) ಎಂದಿದ್ದರೆ ಅದು ನೀರಿಗೆ ತಡೆಯುವ ಹಲಗೆ. ಆ ಜಾತಿಯ ಪ್ಲೈವುಡ್‌ನ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷೆ ಮಾಡುತ್ತಾರೆ. ಕೆಲವು ವಾರ ಹನಿ ಬಿದ್ದ ಮಾತ್ರಕ್ಕೆ ಅದರ ಪದರ ಬಿಡಬಾರದು. ಎಂಆರ್ ಎಂದಿದ್ದರೆ ಅದು ಹವೆಯ ತೇವಕ್ಕೆ ತಡೆಯುವ ಹಲಗೆ ಅಷ್ಟೇ, ನಿಂತ ನೀರಿಗೆ ಅಲ್ಲ. ಐಎಸ್ 303ರ ಕೆಳಗೆ ಎಂಆರ್ ಮತ್ತು ಅದಕ್ಕಿಂತ ಹೆಚ್ಚು ನೀರು ತಡೆಯುವ ಬಿಡಬ್ಲ್ಯುಆರ್ ಎಂಬ ದರ್ಜೆಗಳು ಬರುತ್ತವೆ, ಬರೀ "ಐಎಸ್ಐ ಪ್ಲೈ" ಎಂದು ಬರೆದಿದ್ದರೆ ಯಾವ ದರ್ಜೆ ಎಂದು ಕೇಳಿ.

ಬರೆದದ್ದು ಒಂದು, ಹಾಕಿದ್ದು ಒಂದು ಆಗಿರುವುದೂ ಉಂಟು. ಪೈಪು ಹೋಗಲು ಹಲಗೆಯಲ್ಲಿ ಕೊರೆದ ತೂತಿಗೆ ಟಾರ್ಚ್ ಬಿಟ್ಟು ಅಂಚನ್ನು ನೋಡಿ. ಒಂದರ ಮೇಲೊಂದು ಮರದ ಪದರ ಕಂಡರೆ ಪ್ಲೈವುಡ್. ಒತ್ತಿದ ಹುಡಿಯ ಹಾಗೆ ಒಂದೇ ಸಮ ಇದ್ದರೆ ಎಂಡಿಎಫ್. ಮರದ ಸಣ್ಣ ಸಣ್ಣ ಚಕ್ಕೆ ಕಂಡರೆ ಪಾರ್ಟಿಕಲ್ ಬೋರ್ಡ್. ಕೊನೆಯ ಎರಡು ನೀರು ಕುಡಿದರೆ ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ, ಸ್ಕ್ರೂ ಹಿಡಿಯುವುದೂ ಇಲ್ಲ. ಮರೀನ್ ಪ್ಲೈ ಎಂದು ಹೇಳಿ ದುಡ್ಡು ತೆಗೆದುಕೊಂಡು ಇದನ್ನು ಹಾಕಿದ್ದರೆ ಪ್ರಶ್ನೆ ನಳ್ಳಿಯದ್ದಲ್ಲ, ಇಡೀ ಅಡುಗೆಮನೆಯದ್ದು. ಆಗ ಉಳಿದ ಕಪಾಟುಗಳನ್ನೂ ನೋಡಬೇಕು. ಅದೇ ತೂತಿನ ಅಂಚಿಗೆ ಸಿಲಿಕಾನ್ ಆಗಲಿ, ಎಡ್ಜ್ ಬ್ಯಾಂಡ್ (ಅಂಚಿಗೆ ಅಂಟಿಸುವ ಪಟ್ಟಿ) ಆಗಲಿ ಹಾಕಿದ್ದಾರೆಯೇ ಎಂಬುದನ್ನೂ ಗಮನಿಸಿ. ಮೇಲೆ ಎಷ್ಟು ಚೆಂದದ ಲ್ಯಾಮಿನೇಟ್ ಇದ್ದರೂ ಕೊಯ್ದ ಅಂಚು ತೆರೆದಿದ್ದರೆ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ.

ಕಾಂಟ್ರಾಕ್ಟರ್ "ಒಣಗಿದ ಮೇಲೆ ಮೇಲಿಂದ ಒಂದು ಶೀಟ್ ಅಂಟಿಸಿ ಕೊಡುತ್ತೇನೆ" ಎಂದರೆ ಒಪ್ಪಬೇಡಿ. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಬಟ್ಟೆಯೇ ಒಣಗುವುದಿಲ್ಲ, ಶೀಟಿನ ಅಡಿಯ ಒದ್ದೆ ಹಲಗೆ ಒಣಗುತ್ತದೆಯೇ? ಬೂಷ್ಟು ಬಂದು ಪಕ್ಕದ ಹಲಗೆಗೂ ಹಿಡಿಯುತ್ತದೆ. ಅಡಿಯ ಹಲಗೆಯನ್ನು ಪೂರ್ತಿ ತೆಗೆದು ಹೊಸದು ಹಾಕಲೇಬೇಕು. ನನ್ನನ್ನು ಕೇಳಿದರೆ ಸಿಂಕಿನ ಕೆಳಗೆ ಮರವೇ ಬೇಡ. ಮರದ ಹುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ ಡಬ್ಲ್ಯುಪಿಸಿ ಬೋರ್ಡ್ ಹಾಕಿಸಿ, ಇಲ್ಲವಾದರೆ ನಮ್ಮ ಹಳೇ ಅಡುಗೆಮನೆಗಳಲ್ಲಿ ಇದ್ದ ಹಾಗೆ ಒಂದು ತೆಳು ಕಡಪ ಕಲ್ಲು ಅಥವಾ ಗ್ರಾನೈಟ್ ತುಂಡು ಕೂರಿಸಿ. ನೋಡಲು ಅಷ್ಟೇನೂ ಆಧುನಿಕ ಅನಿಸಲಿಕ್ಕಿಲ್ಲ, ಆದರೆ ಬಾಗಿಲು ಮುಚ್ಚಿದ ಮೇಲೆ ಯಾರು ನೋಡುತ್ತಾರೆ? ನೀರಿಗೆ ಅದು ಹೆದರುವುದಿಲ್ಲ.

ಗಂಜಿಯ ಮಾತು ಬಂದೇ ಬರುತ್ತದೆ. ವೇಸ್ಟ್ ಪೈಪಿನಲ್ಲಿ ಸೋರಿಕೆ ಸಿಕ್ಕಿದರೆ "ನೀವು ಬಿಸಿ ಗಂಜಿ ತಿಳಿ ಹೊಯ್ದಿದ್ದೀರಿ, ಅದಕ್ಕೇ ಹೀಗಾಯಿತು" ಎಂದು ಹೇಳುವವರಿದ್ದಾರೆ. ಕುದಿಯುವ ನೀರು ಬಿದ್ದರೆ ತೆಳು ಪಿವಿಸಿ ಪೈಪು ಮೆತ್ತಗಾಗುವುದು, ಜಾಯಿಂಟು ಸಡಿಲವಾಗುವುದು ನಿಜ. ಆದರೆ ಕುಚ್ಚಲಕ್ಕಿ ಅನ್ನ ಬಸಿಯುವ ಊರಿನಲ್ಲಿ ಅಡುಗೆಮನೆ ಮಾಡಿ ಕೊಡುವವರಿಗೆ ಸಿಂಕಿಗೆ ಬಿಸಿ ಗಂಜಿ ತಿಳಿ ಬೀಳುತ್ತದೆ ಎಂದು ಮೊದಲೇ ಗೊತ್ತಿರಬೇಕು. ಬಿಸಿಗೆ ತಡೆಯುವ ಪಾಲಿಪ್ರೊಪಿಲೀನ್ ಬಾಟಲ್ ಟ್ರ್ಯಾಪ್ ಸಿಗುತ್ತದೆ, ಅದನ್ನು ಹಾಕಬೇಕಾದ್ದು ಅವರ ಕೆಲಸ. ಇದನ್ನು ನಿಮ್ಮ ತಪ್ಪು ಎಂದು ಒಪ್ಪಿಕೊಂಡು ಬರಬೇಡಿ. ತಿಳಿ ಹೊಯ್ಯುವಾಗ ತಣ್ಣೀರು ನಳ್ಳಿ ಜೊತೆಗೆ ಬಿಟ್ಟರೆ ಪೈಪಿಗೆ ಒಳ್ಳೆಯದು, ಗಂಜಿ ಅಂಟಿ ಕಟ್ಟುವುದೂ ಕಡಿಮೆ.

ಆದರೆ ಒಂದು ವಿಷಯದಲ್ಲಿ ಮನೆಯವರ ಕಡೆಯಿಂದಲೂ ತಪ್ಪಾಗುತ್ತದೆ. ಮನೆ ಒಕ್ಕಲಿಗೆ ಮೊದಲು ಟೈಲ್ಸ್ ಮೇಲಿನ ಸಿಮೆಂಟ್ ಕಲೆ ತೆಗೆಯಲು ಆಸಿಡ್ ಹಾಕಿ ತೊಳೆಸುತ್ತಾರೆ. ಅದರ ಹೊಗೆ ತಾಗಿದರೆ ನಳ್ಳಿಯ ಹೊಳಪು ಕಪ್ಪಾಗುತ್ತದೆ, ಹಿಂಜಿಗೆ ತುಕ್ಕು ಹಿಡಿಯುತ್ತದೆ. ನಳ್ಳಿ ಹಾಕಿದ ಮೇಲೆ ನಿಮ್ಮ ಜನವೇ ಆಸಿಡ್ ಹಾಕಿ ತೊಳೆದಿದ್ದರೆ ಆ ಕಲೆ, ಆ ತುಕ್ಕಿಗೆ ಪರಿಹಾರ ಕೇಳುವುದು ಕಷ್ಟ. ಒಳಗಿನಿಂದ ಸೋರುವುದಕ್ಕೂ ಇದಕ್ಕೂ ಸಂಬಂಧ ಇಲ್ಲ, ಎರಡನ್ನು ಸೇರಿಸಿ ಮಾತಾಡಲು ಬಿಡಬೇಡಿ.

ಬಾಗಿಲು ಮುಚ್ಚದಿರುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹಿಂಜಿನಲ್ಲಿ ಹೊಂದಿಸುವ ಸ್ಕ್ರೂಗಳಿರುತ್ತವೆ, ಒಂದು ಬಾಗಿಲನ್ನು ಅಕ್ಕಪಕ್ಕ ಸರಿಸಲು, ಒಂದು ಹಿಂದೆ ಮುಂದೆ ಮಾಡಲು, ಮತ್ತೊಂದು ಮೇಲೆ ಕೆಳಗೆ. ಆಚಾರಿ ಬಂದರೆ ಹತ್ತು ನಿಮಿಷದಲ್ಲಿ ಸರಿಯಾಗುತ್ತದೆ. ಆ ಬಾಗಿಲು ಸಿಂಕಿನ ಕೆಳಗಿನದ್ದೇ ಆಗಿದ್ದರೆ ಮಾತ್ರ ಹಲಗೆ ಉಬ್ಬಿ ಚೌಕಟ್ಟು ಓರೆಯಾಗಿರಬಹುದು, ಅದನ್ನು ಹಲಗೆಯ ದೂರಿನೊಟ್ಟಿಗೇ ಸೇರಿಸಿ. ಹಿಂಜು ಇಷ್ಟು ಬೇಗ ತುಕ್ಕು ಹಿಡಿದಿದ್ದರೆ ಅದು ಸಾಮಾನಿನ ಪ್ರಶ್ನೆ. ಸಮುದ್ರ ಹತ್ತಿರ ಇರುವ ಕಡೆ ಉಪ್ಪಿನ ಗಾಳಿಗೆ 202 ದರ್ಜೆಯ ಸ್ಟೀಲ್ ಬೇಗ ಕಲೆ ಹಿಡಿಯುತ್ತದೆ, 304 ಹೆಚ್ಚು ಬಾಳುತ್ತದೆ. ಅಯಸ್ಕಾಂತ ಹಿಡಿದು ತೋರಿಸಿ "ನೋಡಿ, ಅಂಟುವುದಿಲ್ಲ, 304" ಅನ್ನುತ್ತಾರೆ. 202 ಕೂಡ ಹೆಚ್ಚಾಗಿ ಅಂಟುವುದಿಲ್ಲ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳುವುದೇ ದಾರಿ.

ಈಗ ಕಾಂಟ್ರಾಕ್ಟರಿಗೆ ಬರೆಯಬೇಕಾದ್ದು. ಫೋನಿನಲ್ಲಿ ಜಗಳ ಬೇಡ. ವಾಟ್ಸಾಪ್‌ನಲ್ಲಿ, ಮೇಲ್ ಇದ್ದರೆ ಅದರಲ್ಲೂ, ಹೀಗೆ ಬರೆಯಿರಿ: "ನೀವು ಫೆಬ್ರವರಿಯಲ್ಲಿ ಮುಗಿಸಿ ಕೊಟ್ಟ ಅಡುಗೆಮನೆಯಲ್ಲಿ ಸಿಂಕಿನ ನಳ್ಳಿ ತೊಟ್ಟಿಕ್ಕುತ್ತಿದೆ, ಕೆಳಗಿನ ಕಪಾಟಿನಲ್ಲಿ ನೀರು ಸೋರಿ ಅಡಿಯ ಹಲಗೆ ಉಬ್ಬಿದೆ. ಫೋಟೋ, ವೀಡಿಯೋ ಮತ್ತು ಕಂಪನಿಯ ಟೆಕ್ನಿಶಿಯನ್ ಬರೆದ ವರದಿ ಇದರೊಂದಿಗೆ ಇದೆ. ನಳ್ಳಿ ಮತ್ತು ಕೆಲಸ ಎರಡೂ ನಿಮ್ಮದೇ ಆದ್ದರಿಂದ ಹತ್ತು ದಿನದೊಳಗೆ ಬಂದು ಸೋರಿಕೆ ನಿಲ್ಲಿಸಿ, ಹಲಗೆಯನ್ನು ಕೊಟೇಶನ್‌ನಲ್ಲಿ ಹೇಳಿದ ದರ್ಜೆಯದ್ದೇ ಹಾಕಿ ಬದಲಾಯಿಸಿ ಕೊಡಬೇಕು. ಅದು ಮುಗಿದ ಕೂಡಲೇ ಬಾಕಿ 30 ಸಾವಿರ ಕೊಡುತ್ತೇವೆ." ಇಷ್ಟೇ. ಬೈಗುಳ ಬೇಡ, ಹಳೇ ವಿಷಯ ಬೇಡ. ಅವರು ಫೋನ್ ಮಾಡಿ ಏನಾದರೂ ಒಪ್ಪಿಕೊಂಡರೆ ಇಟ್ಟ ಕೂಡಲೇ "ನೀವು ಈಗ ಹೇಳಿದಂತೆ ಶುಕ್ರವಾರ ಬರುತ್ತೀರಿ" ಎಂದು ಒಂದು ಸಾಲು ಕಳಿಸಿ. ಹತ್ತು ದಿನದಲ್ಲಿ ಏನೂ ಆಗದಿದ್ದರೆ ಇದೇ ಪತ್ರವನ್ನು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಬಾಕಿ ದುಡ್ಡು ಕೊಡದೆ ಇಡಬಹುದು ಅಂತಲೇ ನನ್ನ ಅಭಿಪ್ರಾಯ. ಆದರೆ ಸುಮ್ನೆ ಇಟ್ಟುಕೊಳ್ಳುವುದು ಬೇಡ, ಏಕೆ ಇಟ್ಟಿದ್ದೀರಿ, ಯಾವಾಗ ಕೊಡುತ್ತೀರಿ ಎಂದು ಮೇಲಿನ ಹಾಗೆ ಬರೆದೇ ಇಡಿ. ಕಾರಣ ಹೇಳದೆ ಫೋನ್ ಎತ್ತದೆ ಕೂತರೆ ನಾಳೆ ಅವರೇ "ದುಡ್ಡು ಕೊಡದ ಗಿರಾಕಿ" ಎಂದು ನಿಮ್ಮ ಮೇಲೆ ಹೇಳುತ್ತಾರೆ. ಕೆಲಸ ಸರಿಯಾದ ಮೇಲೆ ಒಂದು ದಿನವೂ ತಡ ಮಾಡದೆ ಕೊಡಿ, ಅವರಿಗೂ ಕೆಲಸದವರಿಗೆ ಸಂಬಳ ಕೊಡಲಿಕ್ಕೆ ಇರುತ್ತದೆ.

ನಿಮ್ಮ ಪ್ಲಂಬರನ್ನು ಈಗಲೇ ಕರೆಸಬೇಡಿ. ಕಾಂಟ್ರಾಕ್ಟರಿಗೆ ಸರಿಪಡಿಸಲು ಒಂದು ಅವಕಾಶ ಕೊಟ್ಟದ್ದು ಕಾಗದದಲ್ಲಿ ಇರಬೇಕು. ಆಂಗಲ್ ಕಾಕೇ ಸೋರುತ್ತಿದ್ದು ನೀರು ನಿಲ್ಲುವುದೇ ಇಲ್ಲ ಎಂದಾದರೆ ಕಾಯಬೇಡಿ, ಕರೆಸಿ. ಬಿಚ್ಚುವುದನ್ನು ವೀಡಿಯೋ ಮಾಡಿ, ತೆಗೆದ ಹಳೇ ಭಾಗಗಳನ್ನು ಎಸೆಯದೆ ಇಟ್ಟುಕೊಳ್ಳಿ, ಏನು ಕಂಡಿತು ಎಂದು ಪ್ಲಂಬರ್ ಕೈಯಿಂದ ಬಿಲ್ಲಿನಲ್ಲೇ ಎರಡು ಸಾಲು ಬರೆಸಿ.

ಹಾಗೆಯೇ ನಳ್ಳಿಯ ಬಿಲ್ ಯಾರ ಹೆಸರಿನಲ್ಲಿದೆ ಎಂದು ಕೇಳಿ. ಕಾಂಟ್ರಾಕ್ಟರ್ ಹತ್ತು ಮನೆಗೆ ಒಟ್ಟಿಗೆ ತಂದಿದ್ದರೆ ಅದು ಅವರ ಹೆಸರಿನಲ್ಲಿರುತ್ತದೆ, ನಿಮ್ಮ ಕೈಯಲ್ಲಿ ಬಿಲ್ ಇಲ್ಲದೆ ಮುಂದೆ ವಾರಂಟಿ ಕೇಳಲು ಕಷ್ಟ. ಬಿಲ್ಲಿನ ಪ್ರತಿ ಮತ್ತು ವಾರಂಟಿ ಕಾರ್ಡು ಬಾಕಿ ದುಡ್ಡು ಕೊಡುವ ಮೊದಲೇ ಕೈಗೆ ಬರಲಿ.

ಇಷ್ಟಾದರೂ ಅವರು ಬಾರದಿದ್ದರೆ ಕಾನೂನು ನಿಮ್ಮ ಕಡೆ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಂದು ಜಾರಿಗೆ ಬಂತು. ಅದರಲ್ಲಿ ಸಾಮಾನಿನ ದೋಷ, ಸೇವೆಯ ಕೊರತೆ ಎರಡಕ್ಕೂ ಪರಿಹಾರ ಕೇಳಬಹುದು. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರು ಆದೇಶ ಮಾಡುವವರಲ್ಲ, ಆದರೆ ದೊಡ್ಡ ಕಂಪನಿಗಳು ಅಲ್ಲಿಂದ ಬಂದ ದೂರಿಗೆ ಉತ್ತರ ಕೊಡುವುದು ಜಾಸ್ತಿ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಕಾಂಟ್ರಾಕ್ಟರ್ ಮಂಗಳೂರಿನವರೇ ಆಗಿರಲಿ, ಬೆಂಗಳೂರಿನವರೇ ಆಗಿರಲಿ, ನೀವು ವಾಸ ಇರುವ ಉಡುಪಿಯಲ್ಲೇ ದೂರು ಕೊಡಬಹುದು. ಕೊಟ್ಟ ದುಡ್ಡು 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ, ನಿಮ್ಮದು ಬಾಕಿ ಸೇರಿಸಿದರೂ 3.8 ಲಕ್ಷ. ವಕೀಲರು ಕಡ್ಡಾಯ ಅಲ್ಲ. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ತೊಂದರೆ ಶುರುವಾದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ದೂರು ತೀರ್ಮಾನವಾಗಲು ಕಾಯ್ದೆ ಹೇಳುವುದು ಮೂರು ತಿಂಗಳು, ಸಾಮಾನನ್ನು ಪರೀಕ್ಷೆಗೆ ಕಳಿಸಬೇಕಾದರೆ ಐದು ತಿಂಗಳು. ನಡೆಯುವಾಗ ಅದಕ್ಕಿಂತ ಹೆಚ್ಚು ಹಿಡಿಯುವುದುಂಟು, ಆದ್ದರಿಂದ ಇದನ್ನು ಕೊನೆಯ ದಾರಿಯಾಗಿಯೇ ಇಟ್ಟುಕೊಳ್ಳಿ.

ದೂರು ಕೊಡುವುದಾದರೆ ಕಾಂಟ್ರಾಕ್ಟರ್ ಮತ್ತು ನಳ್ಳಿ ಕಂಪನಿ ಇಬ್ಬರನ್ನೂ ಎದುರುದಾರರಾಗಿ ಸೇರಿಸಿ. ಆಗ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವುದನ್ನು ಆಯೋಗದ ಎದುರೇ ಮಾಡಬೇಕಾಗುತ್ತದೆ. ಬಿಲ್ ಕೊಟ್ಟೇ ಇಲ್ಲ ಎಂದು ಹೆದರಬೇಡಿ. ಬಿಲ್ ಕೊಡದಿರುವುದೇ ಆ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಕೊಟೇಶನ್, ಬ್ಯಾಂಕ್ ಅಥವಾ ಯುಪಿಐಯಲ್ಲಿ ಕೊಟ್ಟ ದುಡ್ಡಿನ ದಾಖಲೆ, ವಾಟ್ಸಾಪ್ ಮಾತುಕತೆ, ಇವೆಲ್ಲ ಸಾಕ್ಷಿಯೇ.

ಆದರೆ ಸರಿಯಾಗಿ ಬರೆದ ಒಂದು ಪತ್ರ ಮತ್ತು ಬಾಕಿ 30 ಸಾವಿರ ಇರುವಾಗ ಹೆಚ್ಚಿನವರು ಬಂದೇ ಬರುತ್ತಾರೆ. ಬಂದಾಗ ಏನು ಮಾಡಿಸಬೇಕು ಎಂದು ಗೊತ್ತಿರಲಿ. ಮೊದಲು ಲೈನು ತೊಳೆಯಲಿ, ಆಮೇಲೆ ಹೊಸ ಕಾರ್ಟ್ರಿಜ್. ತೊಳೆಯದೆ ಕಾರ್ಟ್ರಿಜ್ ಮಾತ್ರ ಹಾಕಿದರೆ ಎರಡು ತಿಂಗಳಲ್ಲಿ ಇದೇ ಕತೆ. ಟ್ಯಾಂಕಿಯಿಂದ ಬರುವ ಲೈನಿಗೆ ಒಂದು ಜಾಲರಿ ಫಿಲ್ಟರ್ ಹಾಕಿಸಿದರೆ ಇನ್ನೂ ಒಳ್ಳೆಯದು. ಒಮ್ಮೆ ಕಾರ್ಟ್ರಿಜ್ ಬದಲಾಯಿಸಿದ ಮೇಲೂ ತೊಟ್ಟಿಕ್ಕಿದರೆ ಇಡೀ ನಳ್ಳಿಯನ್ನೇ ಬದಲಾಯಿಸಿ ಕೊಡಿ ಎಂದು ಕೇಳಿ, ಮತ್ತೊಂದು ರಿಪೇರಿಗೆ ಒಪ್ಪಬೇಡಿ. ಕನೆಕ್ಷನ್ ಪೈಪಿನ ನಟ್ಟಿನೊಳಗೆ ರಬ್ಬರ್ ವಾಷರ್ ಇದ್ದರೆ ಅಲ್ಲಿ ಟೆಫ್ಲಾನ್ ಸುತ್ತುವುದು ಬೇಡ, ಸ್ಪ್ಯಾನರ್ ಹಾಕಿ ಜೋರಾಗಿ ಬಿಗಿಯುವುದೂ ಬೇಡ, ವಾಷರ್ ಹರಿಯುತ್ತದೆ. ಬಾಟಲ್ ಟ್ರ್ಯಾಪಿನ ಪ್ಲಾಸ್ಟಿಕ್ ನಟ್ಟಿಗೆ ಕೈಯ ಬಿಗಿ ಸಾಕು. ಸಿಂಕಿನ ಸುತ್ತ ಹಾಕುವ ಸಿಲಿಕಾನ್ ನ್ಯೂಟ್ರಲ್ ಜಾತಿಯದ್ದೇ ಇರಲಿ, ಹುಳಿ ವಾಸನೆ ಬರುವ ಸಿಲಿಕಾನ್ ಕೆಲವು ಕಲ್ಲಿನಲ್ಲಿ ಕಲೆ ಮಾಡುತ್ತದೆ.

ಅವರು ಹೋಗುವ ಮೊದಲು ಸಿಂಕ್ ತುಂಬಿಸಿ ಬಿಡುವ ಪರೀಕ್ಷೆ ಅವರ ಎದುರೇ ಮಾಡಿ. ಆ ರಾತ್ರಿ ಆಂಗಲ್ ಕಾಕ್ ತೆರೆದೇ ಇಟ್ಟು, ಕೆಳಗೆ ಪೇಪರ್ ಹಾಸಿ ಮಲಗಿ. ಬೆಳಿಗ್ಗೆ ಪೇಪರ್ ಒಣಗಿದ್ದರೆ ಹೊಸ ಹಲಗೆ ಕೂರಿಸಲು ಹೇಳಿ, ಒದ್ದೆ ಇದ್ದರೆ ಹಲಗೆ ಹಾಕಲು ಬಿಡಬೇಡಿ. ನೀವು ಬರೆದದ್ದು ಮೇ ತಿಂಗಳಲ್ಲಿ, ಮಳೆಗೆ ಇನ್ನು ಜಾಸ್ತಿ ದಿನ ಇಲ್ಲ. ನಳ್ಳಿಯ ವಿಷಯ ಇತ್ಯರ್ಥವಾಗುವುದು ತಡವಾದರೂ ಆ ಉಬ್ಬಿದ ಹಲಗೆಯನ್ನು ಮಾತ್ರ ಫೋಟೋ ತೆಗೆದು, ಕಾಂಟ್ರಾಕ್ಟರಿಗೆ ತಿಳಿಸಿ, ಈಗಲೇ ತೆಗೆಸಿ. ತೆಗೆದ ಹಲಗೆಯನ್ನು ಒಲೆಗೆ ಹಾಕಬೇಡಿ, ಕೆಲಸ ಮುಗಿದು ಲೆಕ್ಕ ಚುಕ್ತಾ ಆಗುವ ತನಕ ಶೆಡ್ಡಿನಲ್ಲೋ ಜಗಲಿಯ ಮೂಲೆಯಲ್ಲೋ ಇರಲಿ.